ವೀಕ್ಷಕರ ಗಮನಕ್ಕೆ

ಗುಡುಗನ ಗಂಟಲು ಕೆಟ್ಟದ್ದು ಒಂದು ಮಂಗಳವಾರ, ಸಂಜೆ ಐದೂಕಾಲಿಗೆ. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಆ ಹೊತ್ತಿನಲ್ಲಿ ಸಾವಿರದ ಇನ್ನೂರು ಜನ ತಂತಮ್ಮ ಮನೆಗಳಲ್ಲಿ, ಬಸ್ಸುಗಳಲ್ಲಿ, ಕೆಲವರು ಆಫೀಸಿನ ಮೇಜಿನ ಕೆಳಗೆ ಫೋನು ಬಚ್ಚಿಟ್ಟುಕೊಂಡು, ಅವನನ್ನೇ ನೋಡುತ್ತಿದ್ದರು.

ಅವನ ಕೆಲಸವೇ ಅದು. ದಿನಾ ನಾಲ್ಕರಿಂದ ಎಂಟರವರೆಗೆ ಕಂಪ್ಯೂಟರಿನ ಮುಂದೆ ಕೂತು ಗೇಮ್ ಆಡುವುದು, ಆಡುವುದನ್ನು ಲೈವ್ ಆಗಿ ಜನರಿಗೆ ತೋರಿಸುವುದು. ಹಾಳುಬಿದ್ದ ಊರೊಂದರಲ್ಲಿ ಅರವತ್ತು ಮಂದಿಯ ಕೈಗೆ ಬಂದೂಕು ಕೊಟ್ಟು ಬಿಡುತ್ತಾರೆ. ಕೊನೆಗೆ ಉಸಿರು ಉಳಿಸಿಕೊಂಡವನೇ ಗೆದ್ದವನು. ಗುಡುಗ ಗೆಲ್ಲುತ್ತಿದ್ದದ್ದು ಅಪರೂಪ. ಜನ ಬರುತ್ತಿದ್ದದ್ದು ಅವನು ಗೆಲ್ಲುವುದನ್ನು ನೋಡಲಿಕ್ಕಲ್ಲ, ಅರಚುವುದನ್ನು ಕೇಳಲಿಕ್ಕೆ. ಗುಡುಗ ಎಂಬ ಹೆಸರನ್ನು ಇಟ್ಟವರೂ ಅವರೇ.

ಈ ಅರಚಾಟ ಹುಟ್ಟಿನಿಂದ ಬಂದದ್ದೇನಲ್ಲ. ಮೊದಲ ಹನ್ನೊಂದು ತಿಂಗಳು ಅವನು ಸಭ್ಯವಾಗಿ, ಮೆಲ್ಲಗೆ, ಆಟದ ಒಳಗುಟ್ಟುಗಳನ್ನು ವಿವರಿಸುತ್ತಾ ಆಡಿದ. ನೋಡುತ್ತಿದ್ದವರು ಆರು ಜನ. ಆ ಆರರಲ್ಲಿ ಒಂದು ಅವನ ಅಣ್ಣನ ಫೋನು, ಇನ್ನೊಂದು ಅಣ್ಣನ ಹಳೆಯ ಫೋನು. ಯಾರೂ ಇಲ್ಲದ ಕೋಣೆಯಲ್ಲಿ ನಾಲ್ಕು ಗಂಟೆ ಒಬ್ಬನೇ ನಗುನಗುತ್ತಾ ಮಾತಾಡುವುದು ಎಂಥ ಕಷ್ಟವೆಂದು ಮಾಡಿದವರಿಗೇ ಗೊತ್ತು. "ಬನ್ನಿ ಬನ್ನಿ, ಎಲ್ಲರಿಗೂ ಸ್ವಾಗತ" ಅನ್ನಬೇಕು. ಬಂದವರು ಯಾರೂ ಇರುವುದಿಲ್ಲ. "ನಿಮಗೇನನ್ನಿಸುತ್ತೆ?" ಎಂದು ಕೇಳಬೇಕು, ಯಾರಿಗೂ ಏನೂ ಅನ್ನಿಸಿರುವುದಿಲ್ಲ. ಪರದೆಯ ಮೂಲೆಯಲ್ಲಿ ಎಷ್ಟು ಜನ ನೋಡುತ್ತಿದ್ದಾರೆಂಬ ಸಂಖ್ಯೆ ಇರುತ್ತದೆ. ಅದರ ಕಡೆ ಕಣ್ಣು ಹಾಯಿಸಬಾರದೆಂದು ಅವನು ಅಲ್ಲೊಂದು ಕಾಗದದ ಚೂರು ಅಂಟಿಸಿದ. ಆಮೇಲೆ ದಿನಕ್ಕೆ ನಲವತ್ತು ಸಲ ಕಾಗದ ಎತ್ತಿ ನೋಡಿದ.

ಒಂದು ದಿನ ಆಟದಲ್ಲಿ ಅವನು ನಿಂತಿದ್ದ ಮಾಳಿಗೆಯೇ ಕುಸಿದು, ಬಿದ್ದದ್ದು ನೇರವಾಗಿ ಮೂವರು ಶತ್ರುಗಳ ನಡುವೆ. ಗುಡುಗ ನಿಜವಾಗಿಯೂ ಪ್ರಾಣ ಹೋದವನಂತೆ ಕಿರುಚಿಕೊಂಡ. ಯಾರೋ ಪುಣ್ಯಾತ್ಮರು ಆ ಆರು ಸೆಕೆಂಡನ್ನು ಕತ್ತರಿಸಿ ಊರಿಗೆಲ್ಲ ಹಂಚಿದರು. ಮಾರನೆಯ ದಿನ ಒಂಬೈನೂರು ಜನ ಬಂದು ಬಾಗಿಲಲ್ಲಿ ನಿಂತಿದ್ದರು, ಎಲ್ಲರದೂ ಒಂದೇ ಬೇಡಿಕೆ: ಇನ್ನೊಂದು ಸಲ.

ಅಂದಿನಿಂದ ಮೂರು ವರ್ಷ ಅವನು ಶತ್ರು ಕಂಡರೆ ಅರಚಿದ, ಬಾಗಿಲು ತೆರೆದುಕೊಂಡರೆ ಅರಚಿದ, ಏನೂ ಆಗದಿದ್ದರೆ ಏನೂ ಆಗಲಿಲ್ಲವಲ್ಲ ಎಂದು ಅರಚಿದ. ಮನೆಯ ಕೊನೆಯ ಚಿಕ್ಕ ಕೋಣೆಯ ಗೋಡೆಗಳಿಗೆ ಹಳೆಯ ಹಾಸಿಗೆ ಒರಗಿಸಿ, ಬಾಗಿಲಿಗೆ ಕಂಬಳಿ ಹೊಡೆದರೂ ಶಬ್ದ ದಾಟಿ ಬರುತ್ತಿತ್ತು. ಕೆಳಗಿನ ಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ಒಮ್ಮೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, "ಯಾರಿಗೇನಾಯ್ತು? ಸಂಕೋಚ ಬೇಡ, ಹೇಳಿ. ನನಗೆ ಪ್ರಥಮ ಚಿಕಿತ್ಸೆ ಗೊತ್ತು" ಎಂದಿದ್ದರು. ಅತ್ತಿಗೆ, "ಏನಿಲ್ಲ ಮೇಡಂ, ನಮ್ಮ ಮೈದುನ ಕೆಲಸ ಮಾಡ್ತಿದ್ದಾನೆ" ಎಂದು ಸಮಾಧಾನ ಮಾಡಿ ಕಳಿಸಿದ್ದರು.

ಮನೆಯಲ್ಲಿದ್ದದ್ದು ಮೂವರೇ: ಗುಡುಗ, ಅಣ್ಣ, ಅತ್ತಿಗೆ. ಅಣ್ಣ ವಾಷಿಂಗ್ ಮೆಷಿನ್ ರಿಪೇರಿ ಮಾಡುವವನು. ಲೋಕದ ಸಮಸ್ತ ತೊಂದರೆಗಳೂ ಬೆಲ್ಟ್, ಬೇರಿಂಗ್ ಅಥವಾ ನೀರಿನ ಪೈಪಿನಿಂದ ಬರುತ್ತವೆಂದು ನಂಬಿದವನು. ಅತ್ತಿಗೆ ಬಸ್ ನಿಲ್ದಾಣದಲ್ಲಿ ಘೋಷಕಿ. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಗಾಜಿನ ಕೋಣೆಯೊಂದರಲ್ಲಿ ಕೂತು ಹದಿನೆಂಟು ವರ್ಷದಿಂದ ಹೇಳುತ್ತಾ ಬಂದವರು. ಬೆಳಗಿನ ಪಾಳಿ. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದರೆ ಒಂದು ಗಂಟೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಕಾಲು ನೀಡಿ, ಗೋಡೆ ನೋಡುತ್ತಾ ಕೂತಿರುತ್ತಿದ್ದರು.

ಆ ಮಂಗಳವಾರ ಗುಡುಗನ ಬೆನ್ನ ಹಿಂದೆ ಒಬ್ಬ ಶತ್ರು ಧುತ್ತೆಂದು ಎದ್ದು ನಿಂತ. ಗುಡುಗ ಎದೆ ತುಂಬ ಗಾಳಿ ಎಳೆದುಕೊಂಡು ಬಾಯಿ ತೆರೆದ. ಹೊರಬಿದ್ದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಹೋದಂಥ ಒಂದು ಸದ್ದು. ಮತ್ತೆ ಪ್ರಯತ್ನಿಸಿದ. ಅಷ್ಟೂ ಬರಲಿಲ್ಲ. ವೀಕ್ಷಕರು ಇದು ಹೊಸ ತಮಾಷೆಯೆಂದು ತಿಳಿದು ಚಾಟಿನ ತುಂಬ ಹೊಟ್ಟೆ ಹಿಡಿದು ನಕ್ಕರು. ಒಬ್ಬ, "ಅಣ್ಣ ಇದೂ ಸೂಪರ್, ದಿನಾ ಮಾಡಿ" ಎಂದು ಬರೆದ.

ಅಡುಗೆಮನೆಯಿಂದ ಬಂದ ಅಣ್ಣ ಬಾಗಿಲಲ್ಲಿ ನಿಂತು ಕಿವಿಗೊಟ್ಟು ಕೇಳಿ, "ಬೇರಿಂಗ್ ಹೋಗಿದೆ ಕಣೋ" ಎಂದ.

ಮಾರನೆಯ ಬೆಳಿಗ್ಗೆ ಇಬ್ಬರೂ ಗಂಟಲಿನ ಡಾಕ್ಟರ ಮುಂದೆ ಕೂತಿದ್ದರು. ಡಾಕ್ಟರು ಬಾಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, "ಏನ್ ಕೆಲಸ ಮಾಡ್ತೀರಿ?" ಎಂದರು.

"ಆಟ ಆಡ್ತಾನೆ ಸಾರ್" ಎಂದ ಅಣ್ಣ.

"ಯಾವ ಆಟ? ಫುಟ್‌ಬಾಲಾ?"

"ಅಲ್ಲ ಸಾರ್, ಕೂತ್ಕೊಂಡು ಆಡೋದು."

"ಚೆಸ್ಸಾ?" ಡಾಕ್ಟರು ಕನ್ನಡಕ ತೆಗೆದರು. "ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಚೆಸ್ ಆಡಿ ಗಂಟಲು ಹಾಳ್ಮಾಡ್ಕೊಂಡವರನ್ನ ನೋಡಿಲ್ಲಪ್ಪ."

ಅಣ್ಣ ವಿವರಿಸಿದ. ಡಾಕ್ಟರು ಪೂರ್ತಿ ಕೇಳಿಸಿಕೊಂಡು, ಗುಡುಗನ ಧ್ವನಿತಂತುಗಳ ಮೇಲೆ ಎರಡು ಪುಟ್ಟ ಗಂಟುಗಳಾಗಿವೆ, ಅಂಗಾಲಿನಲ್ಲಿ ಆಣಿಯಾಗುವ ಹಾಗೆ, ಎಂದರು. ಮೂರು ವಾರ ಒಂದಕ್ಷರ ಆಡುವಂತಿಲ್ಲ. ಪಿಸುಗುಟ್ಟುವುದಂತೂ ಇನ್ನೂ ಕೆಟ್ಟದ್ದು. ಮೂರು ವಾರದ ಮೇಲೆ ನೋಡೋಣ. ಆಗಲೂ ಕರಗದಿದ್ದರೆ ಆಪರೇಷನ್ನು. ಗುಡುಗ ಗಾಬರಿಯಿಂದ ಏನೋ ಕೇಳಲು ಹೊರಟ. ಡಾಕ್ಟರು ಬೆರಳು ತುಟಿಗಿಟ್ಟು, "ಇವತ್ತಿಂದಲೇ" ಎಂದರು.

ಮನೆಗೆ ಬರುವ ದಾರಿಯಲ್ಲಿ ಅಣ್ಣ ಮಕ್ಕಳ ಸಾಮಾನಿನ ಅಂಗಡಿಗೆ ಹೋಗಿ, ಬರೆದು ಒರೆಸುವ ಬಿಳಿ ಹಲಗೆಯೊಂದನ್ನು ತಂದುಕೊಟ್ಟ. ಅದರ ಒಂದು ಮೂಲೆಯಲ್ಲಿ ಹಲ್ಲು ಕಿರಿದ ಮೊಲದ ಚಿತ್ರವಿತ್ತು. ಗುಡುಗ ಅದರ ಮೇಲೆ ಮೊದಲು ಬರೆದದ್ದು: "ನಾಲ್ಕು ಗಂಟೆಗೆ ಲೈವ್ ಇದೆ."

"ಮೂರು ವಾರ ರಜಾ ಹಾಕೋ ಮಾರಾಯ" ಎಂದ ಅಣ್ಣ.

ಗುಡುಗ ಆಗದೆಂದು ಜೋರಾಗಿ ತಲೆಯಾಡಿಸಿದ. ಅಣ್ಣನಿಗೆ ಅದು ಅರ್ಥವಾಗುವಂಥದ್ದಲ್ಲ. ಕೆಟ್ಟ ವಾಷಿಂಗ್ ಮೆಷಿನ್ನು ಮೂರು ವಾರ ಬಿಟ್ಟರೂ ಕೆಟ್ಟೇ ಇರುತ್ತದೆ, ಕಾಯುತ್ತದೆ. ವೀಕ್ಷಕರು ಕಾಯುವುದಿಲ್ಲ. ಗುಡುಗನಿಗೆ ಗೊತ್ತಿದ್ದವನೊಬ್ಬ ಮದುವೆಗೆಂದು ಹತ್ತು ದಿನ ರಜಾ ಹಾಕಿದ್ದ. ವಾಪಸು ಬಂದಾಗ ಅವನ ಲೈವ್ ನೋಡುತ್ತಿದ್ದವಳು ಹೊಸ ಹೆಂಡತಿ ಒಬ್ಬಳೇ, ಅವಳೂ ದಾಕ್ಷಿಣ್ಯಕ್ಕೆ.

ಹಾಗಾಗಿ ಅಂದೇ ನಾಲ್ಕಕ್ಕೆ ಗುಡುಗ ಮೂಕನಾಗಿ ಲೈವ್ ಬಂದ. ಒಂದು ಕೈಯಲ್ಲಿ ಬಂದೂಕು ಹಿಡಿದು ಇನ್ನೊಂದರಲ್ಲಿ ಟೈಪ್ ಮಾಡುವುದೆಂದರೆ ಆಗುವ ಮಾತಲ್ಲ. "ಗಂಟಲು ಕೆಟ್ಟಿದೆ" ಎಂದು ಬರೆಯುವಷ್ಟರಲ್ಲಿ ಸತ್ತ. "ಡಾಕ್ಟರು ಹೇಳಿದ್ದಾರೆ" ಎನ್ನುವಷ್ಟರಲ್ಲಿ ಮತ್ತೆ ಸತ್ತ. ಬರೆದದ್ದನ್ನು ಓದುವ ವ್ಯವಧಾನ ಯಾರಿಗಿದೆ? "ಅಣ್ಣ ಮೈಕ್ ಆನ್ ಮಾಡಿ", "ಅಣ್ಣ ಸೌಂಡ್ ಬರ್ತಿಲ್ಲ" ಎಂದು ಐನೂರು ಮಂದಿ ಐನೂರು ಸಲ ಹೇಳಿದರು. ಮೂಲೆಯ ಸಂಖ್ಯೆ ಸಾವಿರದಿಂದ ಆರುನೂರಕ್ಕೆ, ಆರುನೂರರಿಂದ ನೂರ ನಲವತ್ತಕ್ಕೆ ಇಳಿಯಿತು.

ಅಷ್ಟರಲ್ಲಿ ಅತ್ತಿಗೆ ಬಿಸಿನೀರಿನ ಲೋಟ ಹಿಡಿದು ಒಳಗೆ ಬಂದರು. ಮೈದುನನ ಮುಖ ನೋಡಿದರು. ಪರದೆ ನೋಡಿದರು. ಗುಡುಗ ಹಲಗೆ ಎತ್ತಿ ತೋರಿಸಿದ: "ಅತ್ತಿಗೆ, ನೀವಾದರೂ ಹೇಳಿ ಇವರಿಗೆ."

"ಎಲ್ಲಿ ಮಾತಾಡ್ಬೇಕು? ಇಲ್ಲಾ?"

ಅವರು ಲೋಟವನ್ನು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಮೈಕಿನ ಕಡೆ ಬಗ್ಗಿದರು. ಮೈಕು ಕಂಡ ಕೂಡಲೇ ಅವರ ದನಿ ತಾನಾಗಿಯೇ ಬದಲಾಗುತ್ತಿತ್ತು. ಹದಿನೆಂಟು ವರ್ಷದ ಅಭ್ಯಾಸ.

"ವೀಕ್ಷಕರ ಗಮನಕ್ಕೆ. ಗುಡುಗ ಅವರ ಗಂಟಲು ತಾಂತ್ರಿಕ ಕಾರಣಗಳಿಂದಾಗಿ ಮೂರು ವಾರಗಳ ಕಾಲ ಸೇವೆಯಲ್ಲಿ ಇರುವುದಿಲ್ಲ. ಉಂಟಾಗಿರುವ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ಚಾಟು ಓದಲಾಗದಷ್ಟು ವೇಗವಾಗಿ ಹರಿಯತೊಡಗಿತು. ಇದು ಯಾರು? ಬಸ್ ಸ್ಟ್ಯಾಂಡಾ? ಇನ್ನೊಂದ್ಸಲ ಹೇಳಿ! ಅತ್ತಿಗೆ ಹೊರಡಲು ತಿರುಗಿದ್ದವರು ನಿಂತು, ಪರದೆಯ ಹತ್ತಿರ ಬಂದು ಓದಿದರು. "ಏನೋ ಕೇಳ್ತಿದ್ದಾರಲ್ಲೋ" ಎಂದರು ಆಶ್ಚರ್ಯದಿಂದ. ನಂತರ ಸ್ಟೂಲು ಎಳೆದುಕೊಂಡರು. "ಐದೇ ನಿಮಿಷ."

ಆ ಐದು ನಿಮಿಷ ಎಂಟು ಗಂಟೆಗೆ ಮುಗಿಯಿತು.

ಮರುದಿನ ಅತ್ತಿಗೆ ಮಡಚಬೇಕಾದ ಬಟ್ಟೆಗಳ ರಾಶಿಯನ್ನು ಹೊತ್ತುಕೊಂಡೇ ಬಂದರು. ಗುಡುಗ ಆಡುತ್ತಿದ್ದ, ಅವರು ಟವೆಲು ಮಡಚುತ್ತಾ, ಏರಿಳಿತವಿಲ್ಲದ, ಯಾವ ಪ್ರಳಯಕ್ಕೂ ಜಗ್ಗದ ಆ ಸರ್ಕಾರಿ ದನಿಯಲ್ಲಿ ಹೇಳುತ್ತಿದ್ದರು: "ಎಡಬದಿಯ ಗೋಡೆಯ ಹಿಂದಿನಿಂದ ಮೂವರು ಶತ್ರುಗಳು ಇನ್ನು ಕೆಲವೇ ಕ್ಷಣಗಳಲ್ಲಿ ಆಗಮಿಸಲಿದ್ದಾರೆ. ಗುಡುಗ ಅವರು ಇದನ್ನು ಗಮನಿಸಿದಂತೆ ಕಾಣುವುದಿಲ್ಲ." ಗುಂಡಿನ ಸದ್ದು. "ಗುಡುಗ ಅವರು ನಿಧನರಾಗಿದ್ದಾರೆ. ಅವರ ಮುಂದಿನ ಜನ್ಮ ಹದಿನೈದು ಸೆಕೆಂಡು ತಡವಾಗಿ ಹೊರಡಲಿದೆ."

ಲೈವ್ ಎಂದ ಮೇಲೆ ಕೊಳಕು ಬಾಯಿಯವರು ಇದ್ದೇ ಇರುತ್ತಾರೆ. ಗುಡುಗ ಮೂರು ವರ್ಷ ಅವರ ಜೊತೆ ಅರಚಿ ಜಗಳವಾಡಿ ಸುಸ್ತಾಗಿದ್ದ. 'ಕರಿನಾಗ' ಎಂದು ಹೆಸರಿಟ್ಟುಕೊಂಡ ಒಬ್ಬ ಅತ್ತಿಗೆಗೂ ಏನೋ ಹೊಲಸು ಬರೆದ. ಅವರು ಓದಿದರು, ಕೈಯಲ್ಲಿದ್ದ ಅಂಗಿಯ ಗುಂಡಿ ಹಾಕಿದರು, ಮೈಕಿಗೆ ಬಗ್ಗಿದರು. "ಪೋಷಕರ ಗಮನಕ್ಕೆ. ಕರಿನಾಗ ಎಂಬ ಹೆಸರಿನ ಮಗುವೊಂದು ನಮ್ಮ ಬಳಿ ಇದೆ. ಮಾತು ಇನ್ನೂ ಸರಿಯಾಗಿ ಬರುತ್ತಿಲ್ಲ. ಸಂಬಂಧಪಟ್ಟವರು ಕೂಡಲೇ ವಿಚಾರಣಾ ಕೊಠಡಿಗೆ ಬಂದು ಕರೆದುಕೊಂಡು ಹೋಗಬೇಕಾಗಿ ಕೋರಲಾಗಿದೆ." ಕರಿನಾಗ ಆಮೇಲೆ ಹೆಡೆ ಎತ್ತಲಿಲ್ಲ.

ಮೊದಲ ವಾರದ ಕೊನೆಗೆ ಮೂಲೆಯ ಸಂಖ್ಯೆ ನಾಲ್ಕು ಸಾವಿರ ದಾಟಿತು. ಗುಡುಗ ಜನ್ಮದಲ್ಲಿ ನೋಡಿರದ ಸಂಖ್ಯೆ. ಅವನು ಕುಣಿದಾಡಬೇಕಿತ್ತು. ಎರಡು ದಿನ ಕುಣಿದಾಡಿದ್ದೂ ನಿಜ. ಮೂರನೆಯ ದಿನದಿಂದ ಒಳಗೊಳಗೇ ಏನೋ ಚುಚ್ಚತೊಡಗಿತು. ನಾಲ್ಕು ಗಂಟೆಗೆ ಕ್ಯಾಮೆರಾ ಹಾಕಿದರೆ ಮೊದಲು ಬರುವ ಮಾತು, "ಅತ್ತಿಗೆ ಬಂದ್ರಾ?" ಅವನು ಅಪರೂಪಕ್ಕೆ ಒಂದು ಆಟ ಗೆದ್ದ. ಚಾಟಿನ ತುಂಬ, "ಅತ್ತಿಗೆ ಎಷ್ಟು ಚೆನ್ನಾಗಿ ಹೇಳಿದ್ರು!" ಯಾರೋ ಒಬ್ಬರು, "ಪಕ್ಕದಲ್ಲಿ ಕೂತಿರೋರು ಯಾರು?" ಎಂದು ಕೇಳಿದರು. ಪಕ್ಕದಲ್ಲಿ ಕೂತಿದ್ದದ್ದು ಗುಡುಗ.

ಹನ್ನೊಂದನೆಯ ದಿನ, ಅಂದಿನ ಮಟ್ಟಿಗೆ ಅತ್ತಿಗೆಯ ಪಾಳಿ ಬದಲಾಗಿ ಅವರು ಬರುವುದು ಆರು ಗಂಟೆಯಾಯಿತು. ಆ ಎರಡು ಗಂಟೆ ಜನ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. ತಾಳ್ಮೆ ಕೆಟ್ಟು, ಆಟದ ನಡುವೆ, "ನಾನೂ ಇದ್ದೀನಿ" ಎಂದು ಟೈಪ್ ಮಾಡಿದ. ಟೈಪ್ ಮಾಡುತ್ತಿರುವಾಗಲೇ ಸತ್ತ. ಅತ್ತಿಗೆ ಬಂದು ಎಂದಿನಂತೆ ಸ್ಟೂಲು ಎಳೆದಾಗ ಅವನು ಮೈಕು ಆರಿಸಿ, ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಗೀಚಿ ಹಿಡಿದ: "ಇದು ನನ್ನ ಕೋಣೆ."

ಅತ್ತಿಗೆ ಓದಿದರು. "ಯಾರಲ್ಲ ಅಂದ್ರು?"

ಅವನು ಒರೆಸಿ ಬರೆದ: "ಜನ ನನ್ನನ್ನ ಮರೆತೇ ಬಿಟ್ಟಿದಾರೆ. ನೀವು ಬೇಕಂತಲೇ"

"ಬೇಕಂತಲೇ ಏನು? ಪೂರ್ತಿ ಬರಿ."

ಪೂರ್ತಿ ಬರೆಯಲು ಹಲಗೆಯಲ್ಲಿ ಜಾಗವಿರಲಿಲ್ಲ. ಒರೆಸಿದ. ಆ ಅವಸರದಲ್ಲಿ ಹೇಳಬೇಕೆಂದುಕೊಂಡದ್ದು ಮರೆತುಹೋಯಿತು. ಮೂಕನಾದವನು ಜಗಳ ತೆಗೆಯಬಾರದು. ಒಂದು ವಾಕ್ಯ ಬರೆಯುವಷ್ಟರಲ್ಲಿ ಎದುರಿನವರು ಹತ್ತು ಆಡಿ ಮುಗಿಸಿರುತ್ತಾರೆ. ಆದರೆ ಅತ್ತಿಗೆ ಹತ್ತು ಆಡಲಿಲ್ಲ. ಸ್ಟೂಲಿನ ಮೇಲೆಯೇ ಕೂತು, ಮಂಡಿ ನೀವಿಕೊಳ್ಳುತ್ತಾ ಹೇಳಿದರು.

"ನಾನು ದಿನಾ ಎಂಟು ಗಂಟೆ ಮೈಕಿನ ಮುಂದೆ ಕೂತು ಬರ್ತೀನಪ್ಪ. ಹದಿನೆಂಟು ವರ್ಷದಲ್ಲಿ ಒಂದು ನರಪಿಳ್ಳೆ ತಲೆ ಎತ್ತಿ ನೋಡಿಲ್ಲ. ಒಂದ್ಸಲ ಒಬ್ಬರು ಗಾಜು ಬಡಿದ್ರು. ಏನೋ ಹೇಳೋಕೆ ಬಂದಿದಾರೆ ಅಂತ ಎದ್ದು ಹೋದ್ರೆ, 'ಸೌಂಡ್ ಕಮ್ಮಿ ಮಾಡಿ, ಮಗು ಮಲಗಿದೆ' ಅಂದ್ರು. ಇಲ್ಲಿ ನಾನು ಏನಾದ್ರೂ ಹೇಳಿದ್ರೆ ಆ ಕ್ಷಣಕ್ಕೆ ಉತ್ತರ ಬರುತ್ತೆ. ನನಗೂ ಸ್ವಲ್ಪ ಖುಷಿ ಆಗಿತ್ತು. ಹೌದು. ತಪ್ಪಾಯ್ತು." ಬಟ್ಟೆಯ ಬುಟ್ಟಿ ಎತ್ತಿಕೊಂಡರು. "ನಾಳೆಯಿಂದ ಬರಲ್ಲ ಬಿಡು. ಸುಸ್ತೂ ಆಗುತ್ತೆ."

ಗುಡುಗ ಹಲಗೆ ಹಿಡಿದುಕೊಂಡು ಬೆಪ್ಪನಂತೆ ನಿಂತಿದ್ದ. ಅದರ ಮೇಲೆ "ಆದರೆ" ಎಂದಷ್ಟೇ ಬರೆದಿತ್ತು.

ಮುಂದಿನ ದಿನಗಳು ಅವನು ಕೇಳಿ ಪಡೆದ ದಿನಗಳು. ಕೋಣೆ ಅವನದು, ಮೈಕು ಅವನದು, ಮೌನವೂ ಅವನದು. ನಾಲ್ಕು ಸಾವಿರ ಜನ ಒಂದೇ ಸಂಜೆಯಲ್ಲಿ ಇನ್ನೂರಾದರು. ಅವಸರದ ಆಟ ಬಿಟ್ಟು, ಪಾಳು ತೋಟವೊಂದನ್ನು ಸರಿಮಾಡುವ ನಿಧಾನದ ಆಟ ಹಿಡಿದ. ಅದರಲ್ಲಿ ಗುಂಡು ಹಾರುವುದಿಲ್ಲ. ಕಳೆ ಕೀಳುವುದು, ಬೇಲಿ ಕಟ್ಟುವುದು. ಕೈಗೆ ಬಿಡುವಿತ್ತು. ಚಾಟು ನಿಧಾನವಾಗಿ ಸಾಗುತ್ತಿದ್ದುದರಿಂದ, ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಅದನ್ನು ಓದಲು ಸಾಧ್ಯವಾಯಿತು.

ಐದೂವರೆಗೆ 'ಮೂರನೇ ಮಹಡಿ' ಎಂಬ ಹೆಸರಿನವರು ಬರೆದರು: "ಊಟ ಆಯ್ತಾ?"

"ಆಯ್ತು. ನಿಮ್ದು?" ಎಂದು ಗುಡುಗ ಟೈಪ್ ಮಾಡಿದ.

ಉತ್ತರ ಬಂತು: "ಅಯ್ಯೋ! ಎರಡು ವರ್ಷದಿಂದ ದಿನಾ ಕೇಳ್ತಿದ್ದೀನಿ. ಇವತ್ತು ಗೊತ್ತಾಯ್ತು ನೀವು ಊಟ ಮಾಡ್ತೀರಿ ಅಂತ." ಆಸ್ಪತ್ರೆಯೊಂದರ ಮೂರನೇ ಮಹಡಿಯ ನರ್ಸ್ ಅಂತೆ. ಕೆಲಸದ ನಡುವೆ ಸಿಗುವ ಇಪ್ಪತ್ತು ನಿಮಿಷದಲ್ಲಿ, ದನಿ ಪೂರ್ತಿ ಆರಿಸಿ, ಅವನನ್ನು ನೋಡುವುದಂತೆ. ಅವನ ಅರಚಾಟವನ್ನು ಅವರು ಒಂದು ದಿನವೂ ಕೇಳಿರಲಿಲ್ಲ.

ಗುಡುಗ ಅಂದು ಬಹಳ ಹೊತ್ತು ತೋಟದ ಒಂದೇ ಮೂಲೆಗೆ ನೀರು ಹಾಕುತ್ತಾ ಕೂತ. ಎರಡು ವರ್ಷ ಒಬ್ಬರು ಮಾತಾಡಿಸಿದ್ದಾರೆ, ಇವನು ಓಗೊಟ್ಟಿಲ್ಲ. ಅದಕ್ಕೇ ಮನಸ್ಸಿಗೆ ಇಷ್ಟು ಕಸಿವಿಸಿ. ಹಾಗಾದರೆ ಅತ್ತಿಗೆಯ ಹದಿನೆಂಟು ವರ್ಷ?

ಮರುದಿನ ಬೆಳಿಗ್ಗೆ ಹತ್ತಕ್ಕೆ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ನಿಲ್ದಾಣಕ್ಕೆ ಹೋದ. ಅಲ್ಲಿ ಎಷ್ಟೋ ಸಲ ಬಸ್ಸು ಹತ್ತಿದ್ದ. ಘೋಷಣೆಯನ್ನು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಸೂರಿನಿಂದ ಅತ್ತಿಗೆಯ ದನಿ ಸಮವಾಗಿ ಇಳಿಯುತ್ತಿತ್ತು. ಕೆಳಗೆ ಜನ ಫೋನಿನಲ್ಲಿ ಕಿರುಚುತ್ತಿದ್ದರು, ಪೆಟ್ಟಿಗೆ ಎಳೆಯುತ್ತಿದ್ದರು, ಪರಸ್ಪರ ಬೈದುಕೊಳ್ಳುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ. ಆದರೆ ಅತ್ತಿಗೆ "ಅಂಕಣ ಒಂಬತ್ತು" ಎಂದ ಕೂಡಲೇ ನಲವತ್ತು ಜನ ಎದ್ದು ಒಂಬತ್ತರ ಕಡೆ ನಡೆದರು. ಕೇಳಿದೆವೆಂದು ಅವರಿಗೇ ಗೊತ್ತಿಲ್ಲದ ಹಾಗೆ ಕೇಳಿಸಿಕೊಂಡಿದ್ದರು. ನಾಲ್ಕು ಸಾವಿರವಲ್ಲ, ದಿನಕ್ಕೆ ನಲವತ್ತು ಸಾವಿರ ಜನರನ್ನು ಅತ್ತಿಗೆ ಸರಿಯಾದ ಬಸ್ಸಿಗೆ ಹತ್ತಿಸುತ್ತಿದ್ದರು.

ಅವನು ವಿಚಾರಣೆಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತ. ಸರದಿ ಬಂದಾಗ ಹಲಗೆ ತೋರಿಸಿದ: "ಘೋಷಣೆ ತುಂಬಾ ಚೆನ್ನಾಗಿದೆ ಅಂತ ಹೇಳಬೇಕು. ಎಲ್ಲಿ ಹೇಳುವುದು?"

ಗುಮಾಸ್ತ ಹಲಗೆಯನ್ನೂ, ಮೊಲವನ್ನೂ, ಇವನನ್ನೂ ನೋಡಿದ. "ಚೆನ್ನಾಗಿದ್ರೆ ಹೇಳೋದು ಯಾಕೆ?"

ಗುಡುಗ "ಎಲ್ಲಿ" ಎಂಬುದರ ಕೆಳಗೆ ಗೆರೆ ಎಳೆದ.

"ದೂರಿನ ಪುಸ್ತಕ ಒಂದಿದೆ. ಮೆಚ್ಚುಗೆಗೆ ಪುಸ್ತಕ ಇಲ್ಲ."

"ಅದನ್ನೇ ಕೊಡಿ" ಎಂದು ಗುಡುಗ ಸನ್ನೆ ಮಾಡಿದ. ದೂರಿನ ಪುಸ್ತಕದ ತುಂಬ ಶೌಚಾಲಯದ ಬಾಗಿಲಿನ ಚಿಲಕದ ವಿಷಯವೇ ಇತ್ತು. ಅವನು ಹೊಸ ಹಾಳೆ ತಿರುವಿ, ದೂರಿನ ಸ್ವರೂಪ ಎಂಬಲ್ಲಿ "ಘೋಷಣೆ", ವಿವರ ಎಂಬಲ್ಲಿ "ಬೆಳಗಿನ ಪಾಳಿಯ ಘೋಷಕಿಯ ದನಿ ಬಹಳ ಚೆನ್ನಾಗಿದೆ. ಸ್ಪಷ್ಟವಾಗಿದೆ. ಇದನ್ನು ಯಾರೂ ಹೇಳಿಲ್ಲದಿರುವುದು ತಪ್ಪು" ಎಂದು ಬರೆದು, ಸಹಿ ಮಾಡಿ ಬಂದ. ಮನೆಯಲ್ಲಿ ಏನೂ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲೂ ಇರಲಿಲ್ಲ.

ಆರು ದಿನದ ನಂತರ ಅತ್ತಿಗೆ ಮನೆಗೆ ಬಂದವರು ಗೋಡೆ ನೋಡುತ್ತಾ ಕೂರಲಿಲ್ಲ. ನೇರ ಅವನ ಕೋಣೆಗೆ ಬಂದು ಒಂದು ಕಾಗದವನ್ನು ಮೇಜಿನ ಮೇಲೆ ಬಡಿದರು. ಕೆಲಸದ ಚಿಂತೆಯಿಂದ ಮುಖ ಕಪ್ಪಿಟ್ಟಿತ್ತು.

"ಓದು. ಹದಿನೆಂಟು ವರ್ಷದಲ್ಲಿ ನನಗೆ ಬಂದ ಮೊದಲನೇ ಮೆಮೊ."

ಗುಡುಗ ಓದಿದ. "ತಮ್ಮ ದನಿಯು ಬಹಳ ಚೆನ್ನಾಗಿದೆ ಹಾಗೂ ಸ್ಪಷ್ಟವಾಗಿದೆ ಎಂಬುದಾಗಿ ಪ್ರಯಾಣಿಕರೊಬ್ಬರಿಂದ ದೂರು ಸ್ವೀಕೃತವಾಗಿರುತ್ತದೆ. ಸದರಿ ದೂರಿನ ಬಗ್ಗೆ ಏಳು ದಿನಗಳೊಳಗೆ ಲಿಖಿತ ವಿವರಣೆ ನೀಡತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು." ಕೆಳಗೆ ಅವನ ಬರಹದ ನಕಲು, ಅವನ ಸಹಿಯ ಸಮೇತ.

ಅತ್ತಿಗೆ ಸಹಿಯ ಮೇಲೆ ಬೆರಳಿಟ್ಟು ಅವನನ್ನೇ ನೋಡುತ್ತಿದ್ದರು. ಗುಡುಗ ಹಲಗೆಗೆ ಕೈ ಹಾಕಿದ. ಏನು ಬರೆಯುವುದು? "ಕ್ಷಮಿಸಿ" ಎಂದು ಬರೆದ. ಯಾವುದಕ್ಕೆ ಎಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೋಣೆಯ ಜಗಳಕ್ಕೋ, ಮೆಮೊಗೋ. ಅತ್ತಿಗೆಯ ತುಟಿ ಅದುರಿತು. ಅಳುತ್ತಾರೇನೋ ಎಂದು ಅವನು ಹೆದರಿದ. ಅವರು ನಗುತ್ತಿದ್ದರು. ಕಾಗದ ಬೀಸಿಕೊಳ್ಳುತ್ತಾ, ಸ್ಟೂಲಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗುಡುಗನೂ ನಗಲು ಹೊರಟಾಗ, "ಬಾಯ್ ಮುಚ್ಚು! ಇನ್ನೆರಡು ದಿನ ಇದೆ!" ಎಂದು ಗದರಿದರು. ಸದ್ದು ಕೇಳಿ ಬಂದ ಅಣ್ಣ ಮೆಮೊವನ್ನು ಎರಡು ಸಲ ಓದಿ, "ಚೆನ್ನಾಗಿದೆ ಅಂದ್ರೆ ತಪ್ಪೇನು ಇದ್ರಲ್ಲಿ?" ಎಂದು ತಲೆ ಕೆರೆದುಕೊಂಡ.

ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿ ನೋಡಿದರು. ಗಂಟುಗಳು ಬಹುಮಟ್ಟಿಗೆ ಕರಗಿದ್ದವು. ಆಪರೇಷನ್ನು ಬೇಡ. ಮಾತಾಡಬಹುದು, ಮೆಲ್ಲಗೆ. ಅರಚುವುದು ಮಾತ್ರ ಇನ್ನಿಲ್ಲ. ಗಂಟು ಇನ್ನೊಮ್ಮೆ ಬಂದರೆ ಬಂದದ್ದು ಹೋಗುವುದಿಲ್ಲ ಎಂದರು. ಗುಡುಗ ಮೂರು ವಾರದ ಮೇಲೆ ಆಡಿದ ಮೊದಲ ಮಾತು "ಸರಿ ಸಾರ್". ಸ್ವಲ್ಪ ಒಡೆದ, ತಗ್ಗಿದ, ಅವನಿಗೇ ಅಪರಿಚಿತವಾದ ದನಿ.

ಅಂದು ಸಂಜೆ, ದನಿ ಮರಳುವ ದಿನವೆಂದು ಎರಡು ಸಾವಿರ ಜನ ಕಾದಿದ್ದರು. ಗುಡುಗ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹೇಳಿದ. "ನಾನೇ. ಇನ್ಮೇಲೆ ದನಿ ಇಷ್ಟೇ. ಅರಚೋಕೆ ಆಗಲ್ಲ, ಡಾಕ್ಟ್ರು ಬೇಡ ಅಂದಿದ್ದಾರೆ."

"ಒಂದೇ ಒಂದ್ಸಲ ಅಣ್ಣ" ಎಂದರು ಜನ. ಹತ್ತು ನಿಮಿಷ ಕಾದರು. ಆಮೇಲೆ ಸಭೆ ಮುಗಿದ ಹಾಲಿನಿಂದ ಎದ್ದು ಹೋಗುವವರಂತೆ ಒಬ್ಬೊಬ್ಬರೇ ಹೊರಟರು. ಅವನು ಸಂಖ್ಯೆ ನೋಡಿದ, ಆರುನೂರು. ನೋವಾಗಲಿಲ್ಲವೆಂದರೆ ಸುಳ್ಳು. ಕಾಲು ಗಂಟೆ ಆಟದ ಕಡೆ ಮನಸ್ಸೇ ಇರಲಿಲ್ಲ. ಆದರೂ ಉಳಿದವರು ಏನೇನೋ ಕೇಳುತ್ತಿದ್ದರು, ಅವನಿಗೆ ಓದಲು ಪುರುಸೊತ್ತಿತ್ತು. ಒಂದೊಂದಕ್ಕೆ ಉತ್ತರ ಹೇಳುತ್ತಾ ಹೋದ. ಎಂಟು ಗಂಟೆಗೆ ಎದ್ದಾಗ ಗಂಟಲು ಉರಿಯುತ್ತಿರಲಿಲ್ಲ. ಮೂರು ವರ್ಷದಲ್ಲಿ ಹೀಗಾದದ್ದು ನೆನಪಿಲ್ಲ.

ಭಾನುವಾರ ಅತ್ತಿಗೆಗೆ ರಜಾ. ಗುಡುಗ ಅವರ ಬಾಗಿಲಲ್ಲಿ ನಿಂತು, "ಅತ್ತಿಗೆ, ಮೆಮೊಗೆ ಉತ್ತರ ಬರೀಬೇಕಲ್ಲ. ಲೈವಿನಲ್ಲೇ ಬರೆಯೋಣ್ವಾ?" ಎಂದು ಕೇಳಿದ.

"ನನ್ನ ಆಫೀಸಿನ ಕಾಗದ ಊರಿಗೆಲ್ಲ ತೋರಿಸ್ತೀಯಾ?"

"ಹೆಸರು ಮುಚ್ಚೋಣ."

ಅತ್ತಿಗೆ ಮಡಚುತ್ತಿದ್ದ ಟವೆಲು ಕೆಳಗಿಟ್ಟರು. "ವಾರಕ್ಕೆ ಒಂದೇ ದಿನ ಬರೋದು. ಸ್ಟೂಲಿಗೆ ದಿಂಬು ಬೇಕು. ಬೆನ್ನು ನೋಯುತ್ತೆ."

ಆ ಭಾನುವಾರ ಆಟವೇ ನಡೆಯಲಿಲ್ಲ. ಮೂರು ಸಾವಿರ ಜನ ಸೇರಿ ಒಂದು ವಿವರಣೆ ಬರೆಯಲು ಕೂತರು. ಒಬ್ಬರು, ದನಿ ಚೆನ್ನಾಗಿರುವುದನ್ನು ಒಪ್ಪಿಕೊಳ್ಳಲೇಬೇಡಿ ಎಂದರು. ಇನ್ನೊಬ್ಬರು, ಸಾಕ್ಷಿ ಕೇಳಿ ಎಂದರು. ಅತ್ತಿಗೆ ಎಲ್ಲರ ಕಾಗುಣಿತ ತಿದ್ದಿದರು, ಎಲ್ಲರ ಸಲಹೆಯನ್ನೂ ತಳ್ಳಿಹಾಕಿದರು. ಕೊನೆಗೆ ತಾವೇ ಬರೆದದ್ದನ್ನು ಮೈಕಿನಲ್ಲಿ ಓದಿದರು: "ಮಾನ್ಯರೇ, ನನ್ನ ದನಿಯು ಚೆನ್ನಾಗಿರುವುದು ಉದ್ದೇಶಪೂರ್ವಕವಲ್ಲ. ಹದಿನೆಂಟು ವರ್ಷಗಳಿಂದ ಸದರಿ ದನಿಯಲ್ಲಿಯೇ ಕರ್ತವ್ಯ ನಿರ್ವಹಿಸುತ್ತಿದ್ದು, ಈವರೆಗೆ ಯಾರೂ ಗಮನಿಸದ ಕಾರಣ ತಮ್ಮ ಗಮನಕ್ಕೆ ತರಲಾಗಿಲ್ಲ. ದಯವಿಟ್ಟು ಮನ್ನಿಸಬೇಕಾಗಿ ಕೋರುತ್ತೇನೆ."

ಗುಡುಗ ನಗುವುದನ್ನು ತಡೆಯಲಾಗದೆ ಮುಖಕ್ಕೆ ದಿಂಬು ಒತ್ತಿಕೊಂಡ. ದಿಂಬು ಅತ್ತಿಗೆಯ ಸ್ಟೂಲಿನದು. "ಕೊಡೋ ಇಲ್ಲಿ" ಎಂದು ಅವರು ಕಿತ್ತುಕೊಂಡದ್ದನ್ನೂ ಮೂರು ಸಾವಿರ ಜನ ನೋಡಿದರು.

ಎರಡು ವಾರದ ಮೇಲೆ ಕಚೇರಿಯಿಂದ ಉತ್ತರ ಬಂತು. ಅತ್ತಿಗೆ ಅದನ್ನು ಊಟದ ಮೇಜಿನ ಮೇಲೆ ಬಿಡಿಸಿದರು. "ತಮ್ಮ ವಿವರಣೆಯನ್ನು ಪರಿಶೀಲಿಸಿ ಅಂಗೀಕರಿಸಲಾಗಿದೆ. ಇನ್ನು ಮುಂದೆ ಇಂಥ ದೂರುಗಳು ಮರುಕಳಿಸದಂತೆ ಎಚ್ಚರ ವಹಿಸತಕ್ಕದ್ದು."

"ಅಂದ್ರೆ ದನಿ ಕೆಡಿಸ್ಕೋಬೇಕಾ ಈಗ?" ಎಂದ ಅಣ್ಣ ಗಾಬರಿಯಿಂದ.

"ನೀವು ಸುಮ್ನೆ ಊಟ ಮಾಡಿ" ಎಂದು ಅತ್ತಿಗೆ ಕಾಗದ ಮಡಚಿ, ಮುಖ್ಯವಾದ ಕಾಗದಗಳನ್ನಿಡುವ ತಗಡಿನ ಪೆಟ್ಟಿಗೆಯಲ್ಲಿ ಮೆಮೊದ ಜೊತೆಗಿಟ್ಟರು. ಅಂದು ಭಾನುವಾರವಾಗಿರಲಿಲ್ಲ. ಗುಡುಗ ನೀರು ಕುಡಿದು ಒಬ್ಬನೇ ಕೋಣೆಗೆ ಹೋದ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು, ಆಗಲೇ ಮೂವತ್ತು ನಲವತ್ತು ಜನ ಬಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅವನು ಕುರ್ಚಿ ಎಳೆದುಕೊಂಡು ಸ್ವಲ್ಪ ಹೊತ್ತು ಅದನ್ನು ಓದುತ್ತಾ ಕೂತ. ಯಾರದೋ ಮಗಳಿಗೆ ಹಲ್ಲು ಬಂದಿತ್ತಂತೆ. "ಎಷ್ಟನೇದು?" ಎಂದು ಕೇಳುತ್ತಾ ಮೈಕ್ ಆನ್ ಮಾಡಿದ.